ಬಾಲ ಸುಮ್ಮನಿದ್ದ ತಿರುವು

ಪ್ರೀತಿಯ ಬಾಲ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತಿತ್ತು. ಬಂದರೆ ಬರಲಿ. ಗಾಳಿಯಂತ್ರದ ರೆಕ್ಕೆ ಹೊತ್ತ ಆ ಉದ್ದನೆಯ ಗಾಡಿಯ ಮುಂದುಗಡೆ ಸ್ಟೇರಿಂಗ್ ಹಿಡಿದು ಕೂತ ನನ್ನನ್ನು ಮೊದಲು ಮೂತಿ ಎಂದವನು ನೀನೇ. ಕೊರಳಿಗೆ ರಿಮೋಟ್ ಪೆಟ್ಟಿಗೆ ನೇತುಹಾಕಿಕೊಂಡು, ಹಿಂದಿನ ಚಕ್ರಗಳನ್ನು ತಿರುಗಿಸುತ್ತ ನಡೆದು ಬರುವವನು ನೀನು. ಬಾಲ ಎನ್ನದೆ ಇನ್ನೇನೆನ್ನಲಿ? ನಮ್ಮ ನಿಜವಾದ ಹೆಸರು ಸಂಬಳ ಕೊಡುವವನಿಗೆ ಬಿಟ್ಟು ಇನ್ಯಾರಿಗೂ ನೆನಪಿರಲಿಲ್ಲ.

ಹೊರದೇಶದವರು ಬಂಡವಾಳ ಹೂಡಿ, ಬಾಗಿಲು ಹಾಕಿದ್ದ ಗಾಜಿನ ಕಾರ್ಖಾನೆಯನ್ನು ರೆಕ್ಕೆ ಕಾರ್ಖಾನೆ ಮಾಡಿದ ದಿನ ನೆನಪಿದೆಯಾ? ಮ್ಯಾನೇಜರ್ ಮೈಕ್ ಹಿಡಿದು, "ಇನ್ಮೇಲೆ ನಮ್ಮ ರೆಕ್ಕೆ ಹಡಗು ಹತ್ತುತ್ತೆ, ಊರು ಹಿಂದೆ ತಿರುಗಿ ನೋಡೋ ಹಾಗಿಲ್ಲ" ಎಂದರು. "ಹಿಂದೆ ನೋಡೋ ಹಾಗಿಲ್ಲ ಅಂದ್ರೆ ನನ್ನ ಕೆಲಸ ಹೋಯ್ತಲ್ಲೋ" ಎಂದು ನೀನು ನನ್ನ ಕಿವಿಯಲ್ಲಿ ಉಸುರಿದೆ. ಅಷ್ಟರಲ್ಲಿ ಕರೆಂಟ್ ಹೋಗಿ ಮೈಕ್ ಸತ್ತಿತು. ಬೇರೆಯವರ ದೇಶಕ್ಕೆ ಬೆಳಕು ಕಳಿಸಲು ಹೊರಟವರು ಕತ್ತಲೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಮ್ಮ ಕೆಲಸದ ರೀತಿಯೂ ನಗುವಂಥದ್ದೇ. ಪ್ರತಿ ತಿರುವಿನಲ್ಲೂ ಹಿಂದಿನವನು ರೇಡಿಯೋದಲ್ಲಿ "ಬಾ, ಬಾ" ಎನ್ನುತ್ತಲೇ ಇರಬೇಕೆಂದು ನಿಯಮ. ನಾವು ಅದನ್ನು ಉಲ್ಟಾ ಮಾಡಿಕೊಂಡೆವು. ತೊಂದರೆ ಇದ್ದರೆ ಮಾತ್ರ ಮಾತು. ಸುಮ್ಮನಿದ್ದರೆ ಬಾ ಎಂದರ್ಥ. ಬಂದರಿಗೆ ಎಲ್ಲರಿಗಿಂತ ಮೊದಲು ಮುಟ್ಟುತ್ತಿದ್ದವರು ನಾವೇ. ಮ್ಯಾನೇಜರ್ ನಮ್ಮ ಬೆನ್ನು ತಟ್ಟಿ, ಉಳಿದ ಜೋಡಿಗಳಿಗೂ "ಇವರನ್ನ ನೋಡಿ ಕಲೀರಿ" ಎಂದರು. ಎಲ್ಲರೂ ಕಲಿತರು. ಮನೆಯಲ್ಲಿ ಬಾಯಿಗೆ ಬೀಗ ಹಾಕದ ನೀನು ಕೆಲಸದಲ್ಲಿ ಮಾತ್ರ ಮುನಿಯಾಗಿರುತ್ತಿದ್ದೆ. ಆ ಮೌನವನ್ನು ನಂಬಿ ನಾನು ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ, ಬೇಕರಿ ಪಕ್ಕದ ತಿರುವಿನಲ್ಲೂ ನೀನು ಸುಮ್ಮನಿದ್ದೆ. ನಾನು ಬಂದೆ. ಚರಂಡಿಯ ಚಪ್ಪಡಿ ಮುರಿದು ನಿನ್ನ ಕಾಲು ಸಿಕ್ಕಿಕೊಂಡಿದೆ, ರೇಡಿಯೋದ ಗುಂಡಿ ಒತ್ತಬೇಕಾದ ಕೈ ಗೋಡೆಗೂ ಗಾಡಿಗೂ ನಡುವೆ ಇದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಬೇಕರಿಯವನು ಓಡಿ ಬಂದು ನನ್ನ ಬಾಗಿಲು ಬಡಿದ. ಇಳಿದು ಹಿಂದೆ ಹೋದೆ. ಅಷ್ಟು ಉದ್ದದ ಗಾಡಿಯಲ್ಲವೇ, ಎಷ್ಟು ನಡೆದರೂ ನಿನ್ನ ಹತ್ತಿರ ಬರಲೇ ಇಲ್ಲ. ಉಳಿದದ್ದನ್ನು ಬರೆಯಲಾರೆ.

ರೆಕ್ಕೆ ಕೊಳ್ಳುವವರು ವಿಚಾರಣೆಗೆ ಬರುತ್ತಾರೆಂದು ಸುದ್ದಿ ಬಂತು. ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: "ಒಬ್ಬ ಮನುಷ್ಯನ ತಪ್ಪಾದ್ರೆ ಅವರು ಬಿಟ್ಟುಬಿಡ್ತಾರೆ. ನಮ್ಮ ಕೆಲಸದ ಪದ್ಧತೀನೇ ತಪ್ಪು ಅಂತಾದ್ರೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತೆ. ಅವನು ರೇಡಿಯೋ ಆಫ್ ಮಾಡ್ಕೊಂಡಿದ್ದ ಅಂತ ಹೇಳು. ಸತ್ತೋನಿಗೆ ಇನ್ನೇನು ನೋವಾಗುತ್ತೆ?" ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಆಗುವುದಿಲ್ಲ ಎಂದು ಎದ್ದು ಬಂದೆ.

ಮರುದಿನ ನಿನ್ನ ಹೆಂಡತಿ ಬಂದಳು. ರೆಕ್ಕೆ ಉಜ್ಜುವ ಶೆಡ್ಡಿನಿಂದ ನೆಟ್ಟಗೆ ನಮ್ಮ ಮನೆಗೇ ಬಂದಿದ್ದಳು. ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಕೂರು ಎಂದರೂ ಕೂರಲಿಲ್ಲ. "ಅಣ್ಣಾ, ಅವರದ್ದೇ ತಪ್ಪು ಅಂತ ಹೇಳಿಬಿಡಿ. ಅವರಿದ್ದಿದ್ರೆ ತಾವೇ ಹಾಗೆ ಹೇಳ್ತಿದ್ರು. ಶೆಡ್ಡಲ್ಲಿ ಎಲ್ಲರೂ ನನ್ನ ಮುಖಾನೇ ನೋಡ್ತಿದ್ದಾರೆ. ಈ ಕೆಲಸಾನೂ ಹೋದ್ರೆ ಮಗಳನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ?" ಅವಳಿಗೆ ಇಲ್ಲ ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಆಯ್ತಮ್ಮ ಎಂದೆ. ಮಾತು ಕೊಟ್ಟೆ.

ವಿಚಾರಣೆಗೆ ಬಂದವಳು ನಮ್ಮಕ್ಕನ ವಯಸ್ಸಿನ ಹೆಂಗಸು. ಮೇಜಿನ ಮೇಲೆ ರೆಕ್ಕೆಯ ಪುಟ್ಟ ಮಾದರಿ, ಪಕ್ಕದಲ್ಲಿ ದುಭಾಷಿ, ಎದುರಿಗೆ ಮ್ಯಾನೇಜರ್. ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ರೇಡಿಯೋ ವಿಷಯ ಎತ್ತಲೇ ಇಲ್ಲ. "ಅವರು ಕೊನೇದಾಗಿ ನಿಮಗೇನು ಹೇಳಿದರು?" ಎಂದು ಕೇಳಿದಳು. ನೀನು ಹೋದಂದಿನಿಂದ ಎಲ್ಲರೂ ಗಾಡಿಯ ಬಗ್ಗೆ, ರೆಕ್ಕೆಗೆ ಬಿದ್ದ ಬಿರುಕಿನ ಬಗ್ಗೆ, ತಪ್ಪಿದ ಹಡಗಿನ ಬಗ್ಗೆ ಕೇಳಿದ್ದರು. ನೀನೇನು ಹೇಳಿದೆ ಎಂದು ಒಬ್ಬರೂ ಕೇಳಿರಲಿಲ್ಲ ಕಣೋ. "ಏನೂ ಹೇಳಲಿಲ್ಲ ಮೇಡಂ. ಅದಕ್ಕೇ ನಾನು ಬಂದೆ" ಎಂದೆ.

ದುಭಾಷಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಕೇಳಿದ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ನಮ್ಮ ಮೌನದ ಲೆಕ್ಕಾಚಾರ, ತಟ್ಟಿಸಿಕೊಂಡ ಬೆನ್ನು, ನಮ್ಮನ್ನು ನೋಡಿ ಕಲಿತ ಜೋಡಿಗಳು, ಎಲ್ಲವೂ ಹೊರಗೆ ಬಂತು. ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತ ಕೂತಳು. ಹೊರಡುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಿಂಗಳು ತುಂಬುವುದರೊಳಗೆ ಆರ್ಡರ್ ರದ್ದಾಯಿತು.

ಈಗ ಅಂಗಳದಲ್ಲಿ ರೆಕ್ಕೆಗಳು ಸಾಲಾಗಿ ಮಲಗಿವೆ, ಅವುಗಳ ನಡುವೆ ಹುಲ್ಲು ಬೆಳೆದಿದೆ. ಮೊದಲು ಬಾಗಿಲು ಹಾಕಿದ್ದು ಉಜ್ಜುವ ಶೆಡ್. ಬೀದಿಯಲ್ಲಿ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ನಿನ್ನೆ ನಿನ್ನ ಹೆಂಡತಿ ಮನೆ ಖಾಲಿ ಮಾಡಿದಳು. ಸಾಮಾನು ಎತ್ತಿಕೊಡಲು ಹೋಗಿದ್ದೆ, ಮುಟ್ಟಲು ಬಿಡಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಾಮಾನಿನ ಗಾಡಿ ಹತ್ತುವ ಮೊದಲು ತಣ್ಣಗೆ ಒಂದೇ ಮಾತು ಕೇಳಿದಳು: "ಸುಮ್ಮನಿರೋದು ನಿಮ್ಮಿಬ್ಬರಿಗೂ ಅಷ್ಟು ಚೆನ್ನಾಗಿ ಬರ್ತಿತ್ತಲ್ಲ ಅಣ್ಣಾ. ಅವತ್ತೊಂದಿನ ಯಾಕೆ ಬಾಯಿ ಬಿಟ್ರಿ?"

ಮಗಳು ಕಿಟಕಿಯಿಂದ ಕೈ ಬೀಸಿದಳು. ನಿನ್ನದೇ ಮೂಗು ಅವಳದು. ಆ ಗಾಡಿ ಬೇಕರಿ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದೆ.

ನೀನಿದ್ದ ಕಡೆ ತಣ್ಣಗಿರು, ಗೆಳೆಯ. ನಿನ್ನ ಮಗಳು ಎಲ್ಲಿದ್ದರೂ ನೂರು ಕಾಲ ಬಾಳಲಿ. ಒಂದೇ ಒಂದು ಸಲ ಮಾತಾಡು, ಬೈಗುಳವಾದರೂ ಸರಿ. ಅಲ್ಲಿಯವರೆಗೆ ಗಾಡಿ ನಿಲ್ಲಿಸಿಕೊಂಡೇ ಇರುತ್ತೇನೆ. ನೀನು ಸುಮ್ಮನಿದ್ದರೆ ನಾನಿನ್ನು ಬರುವುದಿಲ್ಲ.

ಇಂತಿ ನಿನ್ನ,
ಮೂತಿ