ರುಕ್ಮಿಣಮ್ಮನವರ ಕೈಗೆ ತಾವು ಹಾಕಿದ ಬೀಗ

ಮಾನ್ಯ ವೈದ್ಯಾಧಿಕಾರಿಗಳೇ,

ಆಪರೇಷನ್ ಆದವರ ಮೈಮುಟ್ಟಿ ನೋವು ಇಳಿಸುತ್ತಿದ್ದ ನರ್ಸ್ ರುಕ್ಮಿಣಮ್ಮನವರನ್ನು ತಾವು ವಾರ್ಡಿನಿಂದ ಎತ್ತಿ ಉಗ್ರಾಣಕ್ಕೆ ಹಾಕಿದಿರಿ. ಅದಾದ ಆರನೆಯ ದಿನ ನನ್ನ ಪಕ್ಕದ ಮಂಚದ ಈರ ಸತ್ತ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ತಾವು ಹೇಳುತ್ತಿದ್ದೀರಂತೆ. ಇದೆಯೆಂದು ಹೇಳಲು ತಮ್ಮ ಕೋಣೆಗೆ ಬಂದರೆ ಜವಾನ ಮೂರು ಸಲ ಬಾಗಿಲಿನಿಂದಲೇ ಸಾಗಹಾಕಿದ. ಅದಕ್ಕೇ ಈಗ ಪತ್ರಿಕೆಯಲ್ಲಿ, ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಬಸ್ಸಿನಲ್ಲಿ ಓದುತ್ತಾ ಹೋಗುವವರೆಲ್ಲರ ಎದುರಿಗೆ ಹೇಳುತ್ತಿದ್ದೇನೆ.

ನಾನು ಹನಗೋಡಿನ ಹೊಗೆಸೊಪ್ಪಿನ ಬೆಳೆಗಾರ. ಸೊಪ್ಪಿನ ಮೂಟೆ, ಅದೇ ಬೇಲು, ಎತ್ತಿ ಎತ್ತಿ ಹರ್ನಿಯಾ ತಂದುಕೊಂಡವನು. ಕಳೆದ ಕಾರ್ತೀಕದಲ್ಲಿ ತಾವೇ ಕೊಯ್ದಿರಿ. ಚೆನ್ನಾಗಿಯೇ ಕೊಯ್ದಿರಿ, ಇಲ್ಲವೆನ್ನಲಾರೆ. ಆದರೆ ಕೊಯ್ದು ಕೈತೊಳೆದುಕೊಂಡವರು ಮನೆಗೆ ಹೋಗುತ್ತಾರೆ, ನೋವು ರೋಗಿಯ ಜೊತೆಗೇ ಉಳಿಯುತ್ತದೆ. ಬೆಳಿಗ್ಗೆ ಒಂದು ಸೂಜಿ, ಸಂಜೆ ಒಂದು ಸೂಜಿ. ನಡುವೆ ಏನು ಗತಿ? ನಡುವೆ ರುಕ್ಮಿಣಮ್ಮನವರಿದ್ದರು. ಬೀಡಿ ಸೇದಿ ಕೆಡಿಸಿಕೊಂಡ ಎದೆ ನನ್ನದು. ಕೆಮ್ಮಿದರೆ ಹೊಲಿಗೆಯೇ ಬಿಚ್ಚಿಹೋದೀತೆಂದು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ. ಆಕೆ ಕೈತೊಳೆದು ಬಂದು, ಪಟ್ಟಿಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿ, ಇನ್ನೊಂದು ಕೈಯನ್ನು ಬೆನ್ನಿಗೆ ಕೊಟ್ಟು, "ಈಗ ಕೆಮ್ಮಿ, ನಾನು ಹಿಡ್ಕೊಂಡಿದೀನಿ" ಎನ್ನುತ್ತಿದ್ದರು. ಕೆಮ್ಮುತ್ತಿದ್ದೆ. ಕಫ ಬರುತ್ತಿತ್ತು, ಜೀವ ಬಾಯಿಗೆ ಬರುತ್ತಿರಲಿಲ್ಲ. ಆಮೇಲೂ ಸ್ವಲ್ಪ ಹೊತ್ತು ಕೈ ತೆಗೆಯದೆ ಕೂತಿರುತ್ತಿದ್ದರು. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು.

ಇನ್ನು ನನ್ನ ತಪ್ಪು. ನಮ್ಮ ಕಡೆಯವರು ವಾಸಿಯಾದರೆ ಔಷಧಿಯನ್ನು ಹೊಗಳುವುದಿಲ್ಲ, ಕೈಗುಣವನ್ನು ಹೊಗಳುತ್ತೇವೆ. ಮೂರನೆಯ ದಿನ ತಾವು ರೌಂಡ್ಸಿಗೆ ಬಂದಾಗ, ನನ್ನ ಹೆಂಡತಿ ತಂದಿದ್ದ ಎಲೆಅಡಿಕೆ ಬಾಳೆಹಣ್ಣಿನ ತಟ್ಟೆಯನ್ನು ತಮ್ಮನ್ನು ದಾಟಿಸಿ ರುಕ್ಮಿಣಮ್ಮನವರ ಕೈಗೆ ಕೊಟ್ಟೆ. ಸಾಲದ್ದಕ್ಕೆ, "ನಿಮ್ ಸೂಜಿಗೆ ಬಗ್ಗದ್ ನೋವು ಈಯಮ್ಮನ ಕೈಗುಣಕ್ಕೆ ಬಗ್ತು ಕಣ್ರೀ ಸಾರ್" ಎಂದೆ. ವಾರ್ಡಿಗೆ ವಾರ್ಡೇ ತಲೆಯಾಡಿಸಿತು. ತಮ್ಮ ಮುಖ ಕಪ್ಪಿಟ್ಟಿತು. ಮಧ್ಯಾಹ್ನದೊಳಗೆ ಗೋಡೆಯ ಮೇಲೆ ಆದೇಶ: ಸೂಜಿ, ಪಟ್ಟಿ, ನಾಡಿ ಇವಕ್ಕಲ್ಲದೆ ಯಾರೂ ರೋಗಿಯ ಮೈ ಮುಟ್ಟಕೂಡದು, ಮುಟ್ಟುವುದು ಮೂಢನಂಬಿಕೆ, ಗಂಡಸರ ವಾರ್ಡಿನಲ್ಲಿ ಅಸಭ್ಯ, ಗಾಯಕ್ಕೆ ಕೀವು. ಒಂದೇ ಕೈಯ ಮೇಲೆ ಮೂರು ಆರೋಪ! ಕೀವಿನದೇ ಚಿಂತೆಯಾಗಿದ್ದರೆ ವಾರ್ಡಿಗೆ ಇನ್ನೊಂದು ಸೋಪು ಕೊಡಿಸಬಹುದಿತ್ತಲ್ಲವೇ? ಕೆಮ್ಮುವಾಗ ಹೀಗೆ ಹಿಡಿಯುವುದನ್ನು ತರಬೇತಿಯಲ್ಲೇ ಕಲಿಸಿದ್ದಾರೆಂದು ಆಕೆ ಹೇಳಲು ಬಂದರು. ತಾವು ಕಿವಿಗೆ ಹಾಕಿಕೊಳ್ಳದೆ ಅಂದೇ ಆಕೆಯನ್ನು ಉಗ್ರಾಣಕ್ಕೆ ಕಳಿಸಿದಿರಿ.

ಈರ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವನು. ಕರುಳು ತೊಡರಿಕೊಂಡು ಬಂದಿದ್ದ, ಹೊಟ್ಟೆಯುದ್ದಕ್ಕೂ ಹೊಲಿಗೆ. ಆದೇಶ ಬಂದ ಮೇಲೆ ಅವನನ್ನು ಹಿಡಿಯುವವರು ಇಲ್ಲವಾಯಿತು. ನೋವಿಗೆ ಹೆದರಿ ಕೆಮ್ಮನ್ನು ನುಂಗಿದ, ದಿನಗಟ್ಟಲೆ ನುಂಗಿದ. ಎದೆಯಲ್ಲಿ ಕಫ ಕಟ್ಟಿ ಗೊರಗೊರ ಸದ್ದು ಬರತೊಡಗಿತು. ಅವನ ಹೆಂಡತಿ ರಂಗಿ, ನರ್ಸಮ್ಮ ಮಾಡಿದ್ದನ್ನು ಒಂದು ಸಲ ನೋಡಿದ್ದವಳು, ತಾನೇ ಕೈಯಿಡಲು ಹೋದಳು. ಜವಾನ ತಮ್ಮ ಆದೇಶ ತೋರಿಸಿ ಹೊರಗೆ ಕಳಿಸಿದ. ನಾನು ಪಕ್ಕದಲ್ಲೇ ಇದ್ದೆ, ಎದ್ದು ಓಡಾಡುವಷ್ಟು ವಾಸಿಯೂ ಆಗಿದ್ದೆ, ತಮಗೆ ಹೆದರಿ ಸುಮ್ಮನಿದ್ದೆ. ಕೊನೆಗೆ ಹೆಣ ಒಯ್ಯಲು ಕರೆದಾಗ ರಂಗಿ ಬಾಗಿಲಲ್ಲೇ ನಿಂತು ಕೇಳಿದಳು: "ಮುಟ್ಟುದ್ರೆ ಕೆಡ್ತದೆ ಅಂದ್ರಿ, ಮುಟ್ನಿಲ್ಲ. ಈಗ ಮುಟ್ಬೋದಾ ಸಾಮಿ?" ಆಕೆ ಕೇಳಿದ್ದು ಜವಾನನನ್ನು. ಉತ್ತರ ಕೊಡಬೇಕಾದವರು ತಾವು.

ಬರುವ ಸೋಮವಾರದೊಳಗೆ ಆ ಆದೇಶ ಗೋಡೆಯಿಂದ ಇಳಿಯಬೇಕು, ರುಕ್ಮಿಣಮ್ಮನವರು ವಾರ್ಡಿಗೆ ಮರಳಬೇಕು. ಇಲ್ಲವಾದರೆ ಪ್ರತಿ ಸಂತೆಯ ದಿನ ತಮ್ಮ ಆಸ್ಪತ್ರೆಯ ಗೇಟಿನೆದುರು ನಿಂತು ಆದೇಶವನ್ನು ಗಟ್ಟಿಯಾಗಿ ಓದುತ್ತೇನೆ, ಅದರ ಕೆಳಗೆ ಈರನ ಹೆಸರನ್ನೂ ಓದುತ್ತೇನೆ. ನನ್ನ ಸೊಪ್ಪು ಹೊಲದಲ್ಲೇ ಒಣಗಿದರೂ ಚಿಂತೆಯಿಲ್ಲ. ಇದೆಲ್ಲ ಬಡರೋಗಿಗಳ ಮೇಲಿನ ಕರುಣೆಯಿಂದ ಮಾತ್ರ ಎಂದುಕೊಳ್ಳಬೇಡಿ, ನಾನು ಅಷ್ಟು ಒಳ್ಳೆಯವನಲ್ಲ. ತಮಗೂ ಒಂದು ಹೊಟ್ಟೆಯಿದೆ. ಒಂದಲ್ಲ ಒಂದು ದಿನ ಅದನ್ನೂ ಯಾರೋ ಕೊಯ್ಯುತ್ತಾರೆ. ಅಂದು ತಮಗೆ ಕೆಮ್ಮು ಬರಲಿ. ರುಕ್ಮಿಣಮ್ಮನವರೇ ಬಂದು ಕೈಯಿಡಲಿ. ಇಡುತ್ತಾರೆ, ಆಕೆ ನಮ್ಮಿಬ್ಬರಂಥವರಲ್ಲ. ಗಾಯದ ನೋವು ಇಳಿಯುತ್ತಾ ಬಂದ ಹಾಗೆ ತಮಗೆ ಈರ ನೆನಪಾಗಲಿ. ಆ ನೋವನ್ನು ಇಳಿಸಲು ಯಾವ ಸೂಜಿಯೂ, ಯಾವ ಕೈಯೂ ತಮಗೆ ಸಿಗದಿರಲಿ.

ಇಂತಿ,
ಬಾಯಿ ಮುಚ್ಚಿಕೊಂಡಿರಬೇಕಾದಾಗ ಮಾತಾಡಿ, ಮಾತಾಡಬೇಕಾದಾಗ ಬಾಯಿ ಮುಚ್ಚಿಕೊಂಡಿದ್ದ
ರುದ್ರಸ್ವಾಮಿ
ಹನಗೋಡು, ಜನವರಿ 1968