ನೀನು ಕೇಳಿದ ರಿಪೋರ್ಟು

ಪ್ರೀತಿಯ ಮಗನೇ,

ಆಪ್ತಸಲಹೆಗಾರ್ತಿಗೆ ಮತ್ತೆ ಮತ್ತೆ ಫೋನ್ ಮಾಡಿ, "ಅಮ್ಮನ ತಲೆ ಸರಿ ಇದೆಯಾ? ರಿಪೋರ್ಟ್ ಯಾವಾಗ ಕೊಡ್ತೀರಿ?" ಎಂದು ಕೇಳಿದೆಯಂತೆ. ಅವರು ನಕ್ಕು, "ರಿಪೋರ್ಟ್ ನೀವೇ ಬರೀರಿ ಅಮ್ಮ, ನಿಮ್ಮ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು. ತಗೋ, ಬರೆಯುತ್ತಿದ್ದೇನೆ. ಓದುವಾಗ ಹುಬ್ಬು ಗಂಟಿಕ್ಕಬೇಡ, ಬೇಗ ಮುದುಕನಾಗುತ್ತೀಯ.

ನಿಮ್ಮಪ್ಪ ಹೋಗಿ ವರ್ಷ ತುಂಬುವ ಮೊದಲೇ ಹೊಲಿಗೆ ಅಂಗಡಿ ತೆರೆಯುತ್ತೇನೆ ಎಂದಾಗ ನೀನು ಗಾಬರಿಯಾದೆ. ಅರವತ್ತು ದಾಟಿದವಳಿಗೆ ಅಂಗಡಿಯಾ! ದುಃಖ ತಲೆಗೇರಿದೆ ಎಂದುಕೊಂಡು ನನ್ನನ್ನು ಆ ಸಲಹೆಗಾರ್ತಿಯ ಕೋಣೆಗೆ ಕರೆದುಕೊಂಡು ಹೋದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ, ಗೊತ್ತು. ಆದರೂ ನನಗೆ ನೋವಾಯಿತು.

ಅಂಕ ಹಾಕುವ ಪರೀಕ್ಷೆ ಇರುತ್ತದೆಂದು ಹೆದರಿದ್ದೆ. ಅವರು ಕೇಳಿದ್ದು ನನ್ನ ಕಥೆಯನ್ನು. ಮದುವೆಗೆ ಮುಂಚೆ ಊರವರ ಬಟ್ಟೆ ಹೊಲಿದದ್ದು, ನೀನು ಹುಟ್ಟಿದ ಮೇಲೆ ಮಿಷನ್ನು ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. "ಒಂದೊಂದು ವಯಸ್ಸಿಗೂ ಅದರದ್ದೇ ಕೆಲಸ ಇರುತ್ತೆ. ನೀವೀಗ ಹೊಸದಕ್ಕೆ ಕೈ ಹಾಕಿದೀರಿ, ಅದು ಕಾಯಿಲೆ ಅಲ್ಲ" ಎಂದರು. ನಿಮ್ಮಪ್ಪನನ್ನು ನೆನೆದು ಮನಸಾರೆ ಅತ್ತುಬಿಟ್ಟೆ. ಅತ್ತ ಮೇಲೂ ಅಂಗಡಿ ಬೇಕೆಂದೇ ಅನಿಸಿತು.

ಆಮೇಲೆ ಮೂರು ಚೀಟಿ ಮುಂದಿಟ್ಟರು. ಒಂದರ ಮೇಲೆ ನಿಮ್ಮಪ್ಪ, ಒಂದರ ಮೇಲೆ ನೀನು, ಒಂದರ ಮೇಲೆ ನಾನು. "ಇವರಲ್ಲಿ ಯಾರಿಬ್ಬರು ಒಂದೇ ಥರ, ಯಾರು ಬೇರೆ?" ಅಪ್ಪ ಮಗ ಒಂದೇ ಅಚ್ಚು ಎಂದು ಕಂಡವರೆಲ್ಲ ಹೇಳುತ್ತಾರಲ್ಲ, ನಿಮ್ಮಿಬ್ಬರನ್ನು ಜೋಡಿಸಹೋದೆ. ಕೈ ತಡೆಯಿತು. ಯಾರಾದರೂ ಬೇಡ ಎಂದರೆ ನಿಮ್ಮಪ್ಪ ಸುಮ್ಮನಾಗಿಬಿಡುತ್ತಿದ್ದರು. ನೀನೋ, ಮನೆಯವರೆಲ್ಲ ಬಾಯಿ ಬಡಿದುಕೊಂಡರೂ ಸಂಬಳದ ಕೆಲಸ ಬಿಟ್ಟು ಫೋಟೋ ಸ್ಟುಡಿಯೋ ಹಾಕಿದವನು. ಹಿಡಿದದ್ದು ಬಿಡದವರು ನಾವಿಬ್ಬರು. ನಿನ್ನ ಚೀಟಿಯನ್ನು ನನ್ನ ಪಕ್ಕ ಇಟ್ಟೆ. ಅವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಹಾಗಂದ್ರೇನು, ಇನ್ನೂ ಹೇಳಿ" ಎಂದರು ಅಷ್ಟೇ.

ನಿನಗೇ ಹೇಳುತ್ತೇನೆ, ಕೇಳು. ನೀನು ಕೆಲಸ ಬಿಟ್ಟಾಗ ನಿನ್ನ ತಲೆ ಪರೀಕ್ಷೆಗೆ ಯಾರೂ ಓಡಲಿಲ್ಲ. ನಿನ್ನದು ಧೈರ್ಯವಾದರೆ ನನ್ನದೂ ಧೈರ್ಯವೇ. ನನ್ನದು ಕಾಯಿಲೆಯಾದರೆ, ಅದು ನಿನಗೆ ಬಂದದ್ದು ನನ್ನಿಂದಲೇ. ನಡಿ, ಇಬ್ಬರೂ ಸೇರಿ ಮಾತ್ರೆ ನುಂಗೋಣ.

ಸೋಮವಾರ ಅಂಗಡಿ ತೆರೆಯುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ ಕಂದ, ನೀನು ಬರಬೇಕೆಂಬ ಆಸೆ ಮಾತ್ರ ತುಂಬಾ ಇದೆ. ಕ್ಯಾಮೆರಾ ತಾ. ಬೋರ್ಡಿನ ಕೆಳಗೆ ನಿಂತಿರುತ್ತೇನೆ, ತಲೆ ಪೂರ್ತಿ ಬರುವ ಹಾಗೆ ತೆಗಿ.

ನಿನ್ನ ಹಠ ನೂರು ವರ್ಷ ಬಾಳಲಿ.

ನಿನ್ನಂಥವಳೇ ಆದ,
ನಿನ್ನ ಅಮ್ಮ