ಹತ್ತೊಂಬತ್ತನೇ ಹೆಸರು

ಮನೆ, ಮಹಡಿ ಕೋಣೆ
ಜೂನ್ ೧೨, ಗುರುವಾರ ಬೆಳಿಗ್ಗೆ

ನನ್ನ ಮುದ್ದಿನ ಅಮ್ಮಾ,

ಮಂಡಿನೋವು ಹೇಗಿದೆ? ಅಣ್ಣ ಫೋನಿನಲ್ಲಿ 'ಚೆನ್ನಾಗಿ ಓಡಾಡ್ತಿದ್ದಾಳೆ' ಅಂದ. ಅವನ ಮಾತು ಅರ್ಧ ನಂಬಿದರೂ ಜಾಸ್ತಿಯೇ. ಡಾಕ್ಟರು ಹೇಳಿದ ಹಾಗೆ ಕಾಲು ಚಾಚಿಕೊಂಡು ಕೂತಿರು. ಅತ್ತಿಗೆಯ ಅಡುಗೆಮನೆಗೆ ನುಗ್ಗಿ ಡಬ್ಬಿ ಜೋಡಿಸಬೇಡ. ಇಲ್ಲಿ ಇವರೂ ನಾನೂ ಚೆನ್ನಾಗಿದ್ದೀವಿ. ಹಾಗಂತ ಬರೀಬೇಕಲ್ಲ, ಬರೆದಿದ್ದೀನಿ.

ನನ್ನ ಕೆಲಸ ಏನು ಅಂತ ನೀನು ಕೇಳಿದಾಗಲೆಲ್ಲ 'ಕಂಪ್ಯೂಟರ್ ಮುಂದೆ ಕೂತು ಊರ ಮಕ್ಕಳಿಗೆಲ್ಲ ಬುದ್ಧಿ ಹೇಳೋದು' ಅಂತ ನಗಿಸಿ ತಪ್ಪಿಸಿಕೊಳ್ತಿದ್ದೆ. ಈಗ ಸರಿಯಾಗಿ ಹೇಳ್ತೀನಿ ಕೇಳು. ದೂರದೂರದ ನಲವತ್ತು ಮಕ್ಕಳು, ಹತ್ತು ಜನ ಮಾರ್ಗದರ್ಶಕರು, ವಾರಕ್ಕೆರಡು ಸಂಜೆ ಪರದೆಯ ಮೇಲೆ ಸೇರ್ತೀವಿ. ಯಾವ ಕಾಲೇಜು, ಅರ್ಜಿ ಹೇಗೆ ತುಂಬಬೇಕು, ಸಂದರ್ಶನದಲ್ಲಿ ಹೇಗೆ ಮಾತಾಡಬೇಕು, ಎಲ್ಲ ಹೇಳಿಕೊಡ್ತೀವಿ. ಅರ್ಜಿಯ ಕೊನೇ ದಿನವನ್ನು ನೆನಪಿಸೋದೂ ನಾವೇ. ಪಟ್ಟಿಯಲ್ಲಿ ಹತ್ತೊಂಬತ್ತನೆಯವಳು ಒಬ್ಬ ದರ್ಜಿಯ ಮಗಳು, ನರ್ಸ್ ಆಗಬೇಕು ಅಂದವಳು. ಮುಖ ಕಾಣಿಸದು, ದನಿ ಕೇಳಿಸದು, ಪರದೆಯ ಮೂಲೆಯಲ್ಲಿ ಬರೀ ಹೆಸರು. ಅವಳ ಮಾರ್ಗದರ್ಶಕರು ನಮ್ಮ ಸ್ಟೇಷನ್ ಮಾಸ್ತರು. ರೈಲ್ವೆಯಿಂದ ನಿವೃತ್ತರಾಗಿ ಎಂಟು ವರ್ಷವಾದರೂ 'ಎಲ್ಲರೂ ಹತ್ತಿದ್ರಾ? ಗಾಡಿ ಬಿಡಲಾ?' ಅಂತಲೇ ಪಾಠ ಶುರು ಮಾಡೋರು. ಮಕ್ಕಳೆಲ್ಲ 'ಹತ್ತಿದ್ವಿ ಸರ್' ಅನ್ನೋರು, ಅವಳು ಮಾತ್ರ ಪಿಟ್ಟೆನ್ನುತ್ತಿರಲಿಲ್ಲ. ಏಳು ವಾರ ಹೀಗೇ ಆಯ್ತು. ಆಮೇಲೆ ಅವಳ ಹೆಸರು ಪಟ್ಟಿಯಿಂದ ಹೋಯ್ತು. ಪಾಠದ ಲಿಂಕ್ ಬರೋದು ನಿಂತಾಗ, ಪಾಠ ಮುಗಿದಿರಬೇಕು ಅಂದುಕೊಂಡಳಂತೆ ಪಾಪ.

ಹೋದ ಸೋಮವಾರ ಅವಳ ಅಪ್ಪನ ಫೋನ್ ಬಂತು. 'ಅರ್ಜಿ ಹಾಕೋ ದಿನ ನೀವು ಹೇಳ್ತೀರಿ ಅಂತ ಮಗಳು ಕಾಯ್ತಿದ್ದಾಳೆ ಮೇಡಂ.' ಆ ದಿನ ಕಳೆದು ಐದು ದಿನವಾಗಿತ್ತಮ್ಮ.

ಮರುದಿನ ಮಾಸ್ತರೂ ನಾನೂ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಅಲ್ಲಿಗೆ ಹೋದೆವು. ಒಂದೇ ಕೋಣೆ. ಕಿಟಕಿ ಪಕ್ಕ ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆ ಚೂರು. ಹುಡುಗಿ ಒಂದು ನೋಟ್‌ಬುಕ್ ತಂದು ಕೊಟ್ಟಳು. ಪ್ರತಿ ಸಂಜೆಯ ಪಾಠ, ತಾರೀಖಿನ ಸಮೇತ, ಒಂದಕ್ಷರ ಬಿಡದೆ ಬರೆದಿದ್ದಳು. ನೋಡಿದರೆ ಅವಳ ಫೋನಿನ ಮೈಕೂ ಕ್ಯಾಮೆರಾನೂ ಕೆಟ್ಟಿದ್ದವು, ಅವಳಿಗೇ ಗೊತ್ತಿರಲಿಲ್ಲ. 'ನಾನು ಪ್ರತಿ ಸಲ ಹತ್ತಿದೀನಿ ಸರ್ ಅಂತಿದ್ದೆನಲ್ಲ' ಅಂದಳು. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಳ್ತಾನೇ ಇದ್ದರು. ಹುಡುಗಿಯ ಅಪ್ಪ ಕೂಗಾಡಲಿಲ್ಲ. ಕತ್ತರಿ ಕೆಳಗಿಟ್ಟು 'ಹೆಸರು ತೆಗೆದವರು ಯಾರು?' ಅಂತಷ್ಟೇ ಕೇಳಿದರು. 'ನಾನೇ. ವಯಸ್ಸಾಯ್ತು, ಗಮನ ಸಾಲದು' ಅಂದರು ಮಾಸ್ತರು. ನಿನ್ನೆ ಅವರು, ಇನ್ನು ಪಾಠಕ್ಕೆ ಬರೋದಿಲ್ಲ ಅಂತ ಎರಡು ಸಾಲು ಬರೆದು ಕಳಿಸಿದ್ದಾರೆ. ಕಾಲೇಜಿನವರಿಗೆ ಕೈಮುಗಿದು ಕೇಳಿದೆ. 'ಮುಂದಿನ ವರ್ಷ ನೋಡೋಣ' ಅಂದರು. ಅಷ್ಟರಲ್ಲಿ ಅವಳನ್ನು ಯಂತ್ರದ ಮುಂದೆ ಕೂರಿಸಿಬಿಟ್ಟರೆ?

ಮಾತ್ರೆ ತಪ್ಪಿಸಬೇಡ. ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ನೀನು ಒಂದು ಸಲ ಮನಸ್ಸಿನಲ್ಲೇ ನನ್ನ ತಲೆ ಸವರು.

ನಿನ್ನ ಕಿರಿಮಗಳು

ತಾ.ಕ.: ಅಮ್ಮಾ, ಹೆಸರು ತೆಗೆದದ್ದು ನಾನು. 'ಹುಡುಗಿ ಒಂದು ದಿನವೂ ತಪ್ಪಿಸಿಲ್ಲ, ಇನ್ನೆರಡು ವಾರ ನೋಡೋಣ' ಅಂತ ಮಾಸ್ತರು ತಡೆದಿದ್ದರು. ಮಾತಾಡದ ಮಕ್ಕಳಿದ್ದರೆ ಮೇಲಿನವರಿಗೆ ಕಳಿಸೋ ವರದಿ ಚೆನ್ನಾಗಿ ಕಾಣಲ್ಲ ಅಂತ ನಾನೇ ತೆಗೆದೆ. ಆ ಕೋಣೆಯಲ್ಲಿ ಅವರು ತಪ್ಪು ಹೊತ್ತುಕೊಂಡಾಗ ಬಟ್ಟೆ ಚೂರು ನೋಡ್ತಾ ಸುಮ್ಮನೆ ಕೂತಿದ್ದೆ. ಇವತ್ತು ಮಾಸ್ತರ ಮನೆಗೆ, ನಾಳೆ ಮೊದಲ ಬಸ್ಸಿಗೆ ದರ್ಜಿಯ ಮನೆಗೆ ಹೋಗ್ತೀನಿ. ಇವರಿಗೂ ಇನ್ನೂ ಹೇಳಿಲ್ಲ. ಕಾಗದ ಈಗಲೇ ಅಂಚೆಗೆ ಹಾಕ್ತಿದ್ದೀನಿ. ಹಾಕಿದ ಮೇಲೆ ಹಿಂದೆ ಸರಿಯೋ ಹಾಗಿಲ್ಲವಲ್ಲ.